ಎರಡಿದ್ದರೂ ಒಂದೇ ಎನ್ನುವ ಮಾವ

ನಮ್ಮ ಸೋದರಮಾವನ ಜೊತೆ ಒಮ್ಮೆ ಸಂತೆಗೆ ಹೋಗಿಬಂದವರು ಮತ್ತೊಮ್ಮೆ ಹೋದ ಉದಾಹರಣೆಯಿಲ್ಲ! ಅವನು ಜಿಪುಣನಲ್ಲ, ಜಗಳಗಂಟನೂ ಅಲ್ಲ. ಕಣ್ಣಿಗೆ ಬಿದ್ದ ಯಾವುದನ್ನೂ ಇನ್ನೊಂದರ ಜೊತೆ ಹೋಲಿಸದೆ ಬಿಡಲಾರ, ಅಷ್ಟೇ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಅವನ ಕೆಲಸ. ಅಲ್ಲಿನ ಡೇಟಾಬೇಸಿನಲ್ಲಿ ಪ್ರತಿ ರೈತನ ಹೆಸರಿನ ಮುಂದೆ, ಒಂದೇ ಖಾನೆಯೊಳಗೆ, ಅವನು ತರುವ ಮಾಲೆಲ್ಲ ಸಾಲಾಗಿ ಕೂತಿರುತ್ತದಂತೆ: ಕೊಬ್ಬರಿ, ಚಿಪ್ಪು, ನಾರು. ಈ ಸಾಲಿಗೆ ಅರೇ ಎಂದು ಹೆಸರು. ಎರಡು ಅರೇಗಳನ್ನು ಪಕ್ಕಪಕ್ಕ ಇಟ್ಟು ನೋಡುವ ವಿದ್ಯೆಯನ್ನು ಮಾವ ಮಂಡಿಯಲ್ಲೇ ಬಿಟ್ಟು ಬಂದಿದ್ದರೆ ನಮಗೆ ಯಾವ ತೊಂದರೆಯೂ ಇರಲಿಲ್ಲ.

ಒಂದು ದಿನ ಮುದ್ದೆ ಇನ್ನೂ ಒಲೆಯ ಮೇಲಿತ್ತೆಂದು ಅತ್ತೆ ಮೊದಲು ಅನ್ನ ಬಡಿಸಿ, ಆಮೇಲೆ ಮುದ್ದೆ ಇಟ್ಟಳು. ಇದು ನಿನ್ನೆಯ ಊಟಕ್ಕೆ ಸಮವಲ್ಲ ಎಂದು ಮಾವ ತಕರಾರು ತೆಗೆದ. ಸಮ ಎಂದರೆ ಪದಾರ್ಥವೂ ಅದೇ ಇರಬೇಕು, ಸಾಲೂ ಅದೇ ಇರಬೇಕಂತೆ! ಅತ್ತೆ ಬಡಿಸಿದ್ದನ್ನೆಲ್ಲ ವಾಪಸ್ ತೆಗೆದುಕೊಂಡಳು. ಮಾವ ಧೃತಿಗೆಡಲಿಲ್ಲ. ಖಾಲಿ ಅರೇ ಎಲ್ಲ ಅರೇಗಳ ಒಳಗೂ ಇದ್ದೇ ಇರುತ್ತದೆ ಎಂದು ನಮಗೆ ಪಾಠ ಹೇಳಿದ. ಹಾಗಾದರೆ ಅದನ್ನೇ ಉಣ್ಣಿ ಎಂದಳು ಅತ್ತೆ.

ಇನ್ನೊಮ್ಮೆ ಹಂದನಕೆರೆಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಕರೆಯದೆಯೇ ಹೋಗಿ ಹೋಳಿಗೆ ಉಂಡು ಬಂದ. ಒಂದೇ ಒಂದು ಹೆಸರು ಎರಡೂ ಸಾಲುಗಳಲ್ಲಿ ಸಿಕ್ಕರೂ ಸಂಬಂಧ ಉಂಟು ಎನ್ನುವುದು ಅವನ ವಾದ. ಅವರ ಸಾಲಿನಲ್ಲೂ ನಮ್ಮ ಸಾಲಿನಲ್ಲೂ ಇದ್ದ ಆ ಒಬ್ಬರು ಯಾರೆಂದು ವಿಚಾರಿಸಿದರೆ, ಅಡುಗೆಯವನು!

ಇಂಥವನಿಗೆ ನನ್ನ ತಂಗಿಯ ಸೀಮಂತದ ದಿನ ಅಮ್ಮ ಮಡಿಲಕ್ಕಿ ತಟ್ಟೆಗಳ ಉಸ್ತುವಾರಿ ಕೊಟ್ಟಳು. ಅಕ್ಕಿ, ಬೆಲ್ಲ, ಕಾಯಿ, ಬಳೆ, ರವಿಕೆ ಕಣ ಎಲ್ಲವೂ ಇವೆಯೇ ಎಂದು ನೋಡಬೇಕಿತ್ತು. ಒಂದು ಅರೇಯೊಳಗೆ ಇನ್ನೊಂದು ಅಡಗಿದೆಯೇ ಎಂದು ನೋಡುವಾಗ ಸಾಲು ಹೇಗಿದ್ದರೂ ನಡೆಯುತ್ತದೆ, ಎಣಿಕೆ ಎಷ್ಟಿದ್ದರೂ ನಡೆಯುತ್ತದೆ ಎನ್ನುತ್ತಾ ಮಾವ ಅಮ್ಮನ ತಟ್ಟೆಯಿಂದ ಒಂದು ಕಾಯಿ, ಚಿಕ್ಕಜ್ಜಿಯ ತಟ್ಟೆಯಿಂದ ಒಂದು ಕಾಯಿ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ನಮ್ಮಲ್ಲಿ ಕಾಯಿಯನ್ನು ಜೋಡಿಯಾಗಿಯೇ ಇಡುವುದು ಪದ್ಧತಿ. ಮನೆ ಸುತ್ತ ತೆಂಗಿನ ತೋಟ ಇಟ್ಟುಕೊಂಡು ಒಂಟಿ ಕಾಯಿ ಕೊಟ್ಟರೆಂದರೆ ಬೀಗರು ಏನೆಂದಾರು?

"ಏನ್ಲಾ ಇದು, ತೆಗೀತಿದ್ದೀಯ?" ಎಂದಳು ಚಿಕ್ಕಜ್ಜಿ.

"ಕಾಯಿ ಐತೋ ಇಲ್ವೋ ಅಂತ ಅಷ್ಟೇ ನೋಡೋದು ಕಣ ಚಿಕ್ಕವ್ವ. ಎರಡಿದ್ರೂ ಒಂದೇ."

ಅಮ್ಮ ತಲೆ ಚಚ್ಚಿಕೊಂಡು ಒಳಗಿನಿಂದ ಬೇರೆ ಕಾಯಿ ತಂದು ಜೋಡಿ ಮಾಡಿದಳು. ನಾನೂ ನಗುತ್ತಿದ್ದೆ, ಆದರೆ ಕಂಬದ ಹಿಂದೆ ನಿಂತು. ನನಗೆ ಮಕ್ಕಳಿಲ್ಲ. ನೀನು ತಟ್ಟೆ ತರಬೇಡ, ನೋಡಿದವರು ಒಂದು ಮಾತಾಡುತ್ತಾರೆ ಎಂದು ಚಿಕ್ಕಜ್ಜಿ ಬೆಳಿಗ್ಗೆಯೇ ಹೇಳಿದ್ದಳು. ಅಮ್ಮ ನನ್ನತ್ತ ನೋಡದೆ ವೀಳ್ಯದೆಲೆ ಒರೆಸುತ್ತಿದ್ದಳು. ನಾನು ಎತ್ತಿ ಆಡಿಸಿದ ತಂಗಿಯ ಮಡಿಲಿಗೆ ಒಂದು ಹಿಡಿ ಅಕ್ಕಿ ಹಾಕುವ ಆಸೆಯಿತ್ತು ನನಗೆ. ತುಂಬಾ ಇತ್ತು.

ಎಲ್ಲರೂ ಮಡಿಲು ತುಂಬಿ ಮುಗಿಸಿದ ಮೇಲೆ ಮಾವ ಕಂಬದ ಹಿಂದೆ ಬಂದ. ನನ್ನ ಕೈಯಲ್ಲಿ ಒಂದು ಖಾಲಿ ತಟ್ಟೆ ಇಟ್ಟ.

"ಖಾಲಿ ತಟ್ಟೆ ಹೊರಗುಳೀಬೇಕು ಅಂತ ನನ್ನ ಲೆಕ್ಕದಾಗಿಲ್ಲ ಕಣವ್ವ. ಅದು ಎಲ್ಲಾರೊಳಗೂ ಇರ್ತದೆ. ಹೋಗು, ತಂಗಿ ಮಡ್ಲು ತುಂಬು."

ಚೀಲದಿಂದ ಎರಡೂ ಕಾಯಿ ತೆಗೆದು ತಟ್ಟೆಗಿಟ್ಟ. ಒಂದಕ್ಕೆ ಚಿಕ್ಕಜ್ಜಿ ತಾನೇ ಹಚ್ಚಿದ್ದ ಅರಿಶಿನ ಇನ್ನೂ ಹಾಗೇ ಇತ್ತು. ಅವಳು ಅದನ್ನು ನೋಡಿದಳು, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು. ಅಮ್ಮ ಎದ್ದು ಬಂದು ತನ್ನ ಬೊಗಸೆಯಿಂದಲೇ ಅಕ್ಕಿ ಸುರಿದಳು. ನನಗೆ ಅಳು ತಡೆಯಲಾಗಲಿಲ್ಲ.

ತಂಗಿ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು. ನಾನು ಅಕ್ಕಿ ಹಾಕಿದೆ, ಜೋಡಿ ಕಾಯಿ ಇಟ್ಟೆ. ಮಾವ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಈ ಸಲ ಒಂದನ್ನೂ ತೆಗೆಯಲಿಲ್ಲ.