ಅಗಸೆ ತಿಂದ ಮೊಲ

ಮಾಂಸವನ್ನೇ ಸಸ್ಯಾಹಾರ ಮಾಡಲು ಹೊರಟ ಲಿಂಗಾಯತರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬನೇ. ನಗಬೇಡಿ! ಉದಗೀರದ ಪೇಟೆಯೆಲ್ಲ ಆಗಲೇ ನಕ್ಕು ಮುಗಿಸಿದೆ.

ಅವನ ಹೆಂಡತಿ ಕಾಕುವಿಗೆ ಎದೆಯ ರೋಗ. ಔಷಧಿಯ ಜೊತೆ ಮಾಂಸದ ಸಾರು ಕುಡಿಸದಿದ್ದರೆ ಮಳೆಗಾಲ ದಾಟುವುದು ಕಷ್ಟ ಎಂದಿದ್ದರು ಡಾಕ್ಟರು. "ಸಾಯ್ತೀನಿ, ಮುಟ್ಟಂಗಿಲ್ಲ" ಎಂದಳು ಕಾಕು. ಬೇರೆ ಗಂಡನಾಗಿದ್ದರೆ ಅಳುತ್ತಿದ್ದ, ಇಲ್ಲವೇ ಗದರುತ್ತಿದ್ದ. ಕಾಕಾ ಹೈದರಾಬಾದಿನಿಂದ ರೈಲಿನಲ್ಲಿ ಬಿಳಿ ಮೊಲ ತರಿಸಿದ!

"ಮೊಲಾನೇ ಯಾಕ ಕಾಕಾ?"

"ಆಡು ಸಿಕ್ಕಿದ್ದೆಲ್ಲಾ ತಿಂತದ. ಇವು ನಾ ಕೊಟ್ಟಿದ್ದಷ್ಟೇ ತಿಂತಾವ. ಅಗಸಿ ತಿಂದ ಮೊಲದ ಮೈಯಾಗ ಏನಿರ್ತದ? ಅಗಸಿ!"

ತರ್ಕ ಅಂದರೆ ಇದು! ನಮ್ಮೂರು ಯಾವ ರಾಜ್ಯಕ್ಕೆ ಸೇರಬೇಕೆಂದು ಕಟ್ಟೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಜಗಳ ನಡೆದಿದ್ದಾಗ, ನಮ್ಮ ಕಿರಾಣಿ ಅಂಗಡಿಯ ಹಿತ್ತಲಲ್ಲಿ ಮೊಲಗಳು ಯಾವ ಮತಕ್ಕೆ ಸೇರಬೇಕೆಂಬುದು ತೀರ್ಮಾನವಾಗಿಬಿಟ್ಟಿತ್ತು. ಕಾಕಾನ ಪೂಜೆ ಮುಗಿಯುವವರೆಗೆ ಅವಕ್ಕೂ ಉಪವಾಸ. ಆಮೇಲೆ ಹುಲ್ಲಿನ ಜೊತೆ ಅಗಸೆ, ಮೆಂತ್ಯ, ಅಜವಾನ, ಬೆಲ್ಲದ ಚೂರು. ಬೆಲ್ಲಕ್ಕೆ ಹೊಟ್ಟೆ ಕೆಟ್ಟು ಪಂಜರವೆಲ್ಲ ರಾಡಿಯಾಯಿತು. ಬೆಲ್ಲ ಬಿಟ್ಟ, ಅಜವಾನ ಹೆಚ್ಚಿಸಿದ, ಹೊಟ್ಟೆಯುಬ್ಬರ ಇಳಿಯಿತು. ಅಗಸೆಗೆ ಕೂದಲು ರೇಷ್ಮೆಯಂತೆ ಮಿಂಚತೊಡಗಿತು. ಗಿರಾಕಿಗೆ ಕಲ್ಲು ಬೆರೆತ ಅಗಸೆ, ಮೊಲಕ್ಕೆ ಆರಿಸಿದ್ದು!

ಆದರೆ ಮಾಂಸ ಹೇಗಾಗಿದೆ? ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನಿಗೆ ಹೇಗೆ ಗೊತ್ತಾಗಬೇಕು? ಓಣಿಯಾಚೆಯ ಕಸಾಯಿ ಚಾಚಾನಿಗೆ ಒಂದು ಮೊಲ ಕೊಟ್ಟು, ಅವನು ಉಂಡು ಏಳುವವರೆಗೆ ಬಾಗಿಲಲ್ಲೇ ನಿಂತ.

"ಹೆಂಗದ ಚಾಚಾ?"

"ಮಸ್ತ್ ಅದ ಸೇಠಜಿ! ಬೆಣ್ಣಿ ಬೆಣ್ಣಿ."

"ಮಾಂಸದ ರುಚಿ ಬರ್ತದ?"

"ಮತ್ತ ಬದನಿಕಾಯಿ ರುಚಿ ಬರ್ತದೇನ್ರೀ?"

ಕಾಕಾನ ಮುಖ ಇಳಿಯಿತು. ಮರುದಿನದಿಂದ ಮೆಂತ್ಯ ಎರಡು ಪಟ್ಟು! ಮತ್ತೆ ಮೊಲ, ಮತ್ತೆ ಬಾಗಿಲು, ಮತ್ತೆ ಅದೇ ಪ್ರಶ್ನೆ. ಕಡೆಗೊಮ್ಮೆ ಚಾಚಾ, ಬೇಸತ್ತೋ ಕರುಣೆಯಿಂದಲೋ, "ಹೌದ್ರೀ, ಈ ಸಲ ಪೂರಾ ಮೆಂತ್ಯೆ ಪಲ್ಯನೇ" ಅಂದುಬಿಟ್ಟ.

ನಿಜವಾಗಿ ಹಾಗೆಂದನೋ, ಅಥವಾ ನಾವು ಕಟ್ಟಿದ್ದೋ? ನಮ್ಮ ಮನೆಯಲ್ಲಿ ಈ ಕಥೆ ಹೇಳಿದಷ್ಟು ಸಲವೂ ಮೊಲಗಳ ಸಂಖ್ಯೆ ಹೆಚ್ಚಿದೆ, ನನಗೆ ನಂಬಿಕೆಯಿಲ್ಲ. ಇನ್ನು ಮುಂದಿನದು ನಾನೇ ಹಿತ್ತಲಲ್ಲಿ ನಿಂತು ಕಂಡದ್ದು.

ಚಾಚಾನ ಮನೆಯಿಂದ ಸಾರು ಬಂತು. ಕಾಕಾ ಬಟ್ಟಲನ್ನು ಕಾಕುವಿನ ಮುಂದೆ ಹಿಡಿದ. "ಇದು ಮೆಂತ್ಯೆ ಸಾರೇ ನೋಡು. ಬೇಕಾದ್ರ ಚಾಚಾನ್ನ ಕೇಳು."

"ಹಂಗಾದ್ರ ಮೊದಲ ನೀವು ಕುಡೀರಿ."

ಕಾಕಾ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನಿಗೆ ಸರಿಸಿ, ಒಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಬಂತು.

"ಹೆಂಗದ?"

"ಮೆಂತ್ಯೆನೇ ಅದ" ಎಂದ ಕಾಕಾ, ಉಗುಳನ್ನೂ ನುಂಗಲಾಗದೆ.

ಕಾಕು ಬಟ್ಟಲು ಕಸಿದುಕೊಂಡಳು. ಮೊದಲು ಸೆರಗಿನಿಂದ ಅವನ ಬಾಯಿ ಒರೆಸಿದಳು. ಆಮೇಲೆ, ತಳ ಕಾಣುವವರೆಗೆ, ಅವನನ್ನೇ ನೋಡುತ್ತ ಕುಡಿದಳು.