ಕಾಕಾನ ತೊಡೆಗೆ ಯಾವ ಪ್ಲೇಟು?

ಉತ್ತರದಾಯಿತ್ವ ಎಂಬ ಶಬ್ದವನ್ನು ನಾನು ವಿಶ್ವವಿದ್ಯಾಲಯದಿಂದ ಪದವಿಯ ಜೊತೆಗೇ ಹೊತ್ತು ತಂದವಳು. ಪದವಿ ಗೋಡೆಗೆ ಮೊಳೆ ಬೇಡಿತು. ಶಬ್ದ ಮಾತ್ರ ದಿನಬಳಕೆಗೆ ಒದಗಿತು. ನಲ್ಲಿ ಬಾರದಿರಲಿ, ಬಸ್ಸು ತಪ್ಪಲಿ, ಕಾರಣ ಕೇಳದೆ ಬಿಟ್ಟವಳಲ್ಲ. ನಾನು ಬರುವುದನ್ನು ಕಂಡರೆ ನಮ್ಮೂರ ಕಚೇರಿಗಳಲ್ಲಿ ಕುರ್ಚಿಗಳು ತಾವಾಗಿಯೇ ಖಾಲಿಯಾಗುತ್ತವೆ. ಇದನ್ನು ನಾನು ಗೌರವವೆಂದೇ ತಿಳಿದಿದ್ದೇನೆ.

ಹೀಗಿರುವಾಗ ಮನಗೂಳಿಯ ನಮ್ಮ ಕಾಕಾ ಹಸಿ ಫರಸಿಕಲ್ಲಿನ ನೆಲದ ಮೇಲೆ ಜಾರಿಬಿದ್ದು, ಮೊಣಕಾಲಿಗಿಂತ ತುಸು ಮೇಲೆ ತೊಡೆಯ ಎಲುಬು ಮುರಿದುಕೊಂಡರು. ಮದುವೆಮನೆಗಳಲ್ಲಿಯೂ ಮೇಜಿನ ಊಟಕ್ಕೆ ಬೆನ್ನು ತಿರುಗಿಸಿ, ಮೂಲೆಯೊಂದನ್ನು ಹುಡುಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಯೇ ಉಣ್ಣುವ ಮನುಷ್ಯ ಅವರು. ಆಸ್ಪತ್ರೆಯ ಡಾಕ್ಟರು ನಿಂತ ಕಾಲಿನಲ್ಲೇ ನುಡಿದರು: "ದೊಡ್ಡದಾಗಿ ಕೊಯ್ಯಾಂಗಿಲ್ರಿ. ಸಣ್ಣ ಸಣ್ಣ ಗಾಯ ಮಾಡಿ ಒಳಗಿಂದೊಳಗ ಪ್ಲೇಟ್ ಸರಸ್ತೇವಿ. ಸಾದಾ ಹಾಕೂಣೋ, ಲಾಕಿಂಗ್ ಹಾಕೂಣೋ? ಸಂಜೀಕ ಹೇಳ್ರಿ, ನಾಳೆ ಆಪರೇಶನ್." ಚಹಾಕ್ಕೆ ಸಕ್ಕರೆ ಎಷ್ಟು ಎಂದು ವಿಚಾರಿಸುವ ಧಾಟಿ! ಎಲುಬಿನ ವಿದ್ಯೆ ಕಲಿತವರು ಅವರು, ಎಕ್ಸ್‌ರೇ ನೋಡಿದವರು ಅವರು, ತೀರ್ಮಾನ ಮಾತ್ರ ನಮ್ಮದಂತೆ. ನಾಳೆ ಕಾಲು ಸೊಟ್ಟಗಾದರೆ "ನೀವ ಹೇಳಿದ್ರಲ್ಲಾ" ಎನ್ನಲು ಎಂಥ ಅನುಕೂಲ!

ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಬರುವವರು ಒಂದು ಬಿಸ್ಕಿಟ್ ಪುಡಿಕೆ, ಒಂದು ಅಭಿಪ್ರಾಯ ತಂದೇ ತರುತ್ತಾರೆ. ಯಂಕಂಚಿಯ ಬೀಗರು ಧೋತರ ಎತ್ತಿ ತಮ್ಮ ಹಳೆಯ ಗಾಯ ತೋರಿಸಿದರು. "ನಂದು ಸಾದಾ ಪ್ಲೇಟ್. ನೋಡ್ರಿ, ಹೆಂಗ ನಡೀತೇನಿ!" ಎಂದು ವಾರ್ಡಿನ ತುಂಬ ಅಡ್ಡಾಡಿದರು. ಕಾಕಾನ ಗೆಳೆಯ, ಇಂಡಿ ಊರಿನ ರಜಾಕಸಾಬರು ಕಣ್ಣು ಕಿರಿದಾಗಿಸಿ, "ಇದಕ್ಕ ನಡಿಯೂದು ಅಂತಾರೇನ್ರಿ ಬೀಗರ? ನಾ ಕುಂಟೂದು ಅಂತ ತಿಳದಿದ್ನಿ. ಲಾಕಿಂಗ ಹಾಕಸ್ರಿ, ಹೊಸಾದು ಬಂದ ಮ್ಯಾಲ ಹಳೇದ್ಯಾಕ?" ಎಂದರು. ಜಗಳ ಎಲುಬನ್ನು ಬಿಟ್ಟು, ಹಳೆಯ ಟ್ರ್ಯಾಕ್ಟರು ಮೇಲೋ ಹೊಸದು ಮೇಲೋ ಎಂಬ ಕಡೆಗೆ ಹರಿಯಿತು.

ನಾನು ಕೆಂಡವಾಗಿ ಡಾಕ್ಟರ ಬಾಗಿಲಿಗೆ ಅಡ್ಡ ನಿಂತೆ. "ಕಾರಣ ಹೇಳ್ರಿ. ಕಾರಣ ಹೇಳದ ಆರಿಸಿಕೋರಿ ಅನ್ನೂದು ಯಾವ ನ್ಯಾಯ?" ಅವರು ನಿಟ್ಟುಸಿರಿಟ್ಟು ಎಕ್ಸ್‌ರೇ ಬೆಳಕಿಗೆ ಹಿಡಿದರು. "ಎಲುಬು ಟೊಳ್ಳಾಗೇತ್ರಿ. ಸಾದಾ ಪ್ಲೇಟಿನ ಸ್ಕ್ರೂ ಎಲುಬನ್ನ ನಂಬಿ ನಿಲ್ತಾವ, ಸಡಲಬಹುದು. ಲಾಕಿಂಗ್‌ನ್ಯಾಗ ಸ್ಕ್ರೂ ಪ್ಲೇಟಿಗೂ ಕಚ್ಚಿಕೊಂತಾವ. ಆದ್ರ ಅತೀ ಬಿಗಿ ಆದ್ರ ಎಲುಬು ಕೂಡೂದು ತಡಾ ಆಗಬಹುದು, ಅದಕ್ಕ ನಡುವ ಕೆಲವು ತೂತು ಖಾಲಿ ಬಿಡ್ತೇವಿ. ನನ್ನ ಕೇಳಿದ್ರ ಲಾಕಿಂಗ್."

"ಇದನ್ನ ಮುಂಜಾನೇನ ಯಾಕ ಹೇಳ್ಲಿಲ್ರಿ?"

"ಯಾರೂ ಕೇಳ್ಲಿಲ್ಲ."

ಆ ಉತ್ತರಕ್ಕೆ ತಕ್ಕ ಉಪನ್ಯಾಸವನ್ನು ಅವರಿಗೆ ಪೂರ್ತಿ ಕೊಟ್ಟು, ಲಾಕಿಂಗೇ ಇರಲಿ ಎಂದು ತಿಳಿಸಿ ವಿಜಯಿಯಾಗಿ ವಾರ್ಡಿಗೆ ಮರಳಿದೆ. ಅದೇ ಉಪನ್ಯಾಸವನ್ನು ಕಾಕಾನಿಗೂ ಕೊಟ್ಟೆ: ರೋಗಿಯ ಹಕ್ಕು, ವೈದ್ಯರ ಹೊಣೆ, ಎಲ್ಲವನ್ನೂ. ಅವರು ಕೊನೆಯವರೆಗೂ ಕೇಳಿದರು. ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ.

"ಭಾಳ ಛಲೋ ಆತು ಬಿಡವಾ. ಖರೇ, ಇದನ್ನ ಹಾಕಿದ ಮ್ಯಾಲ ನೆಲಕ್ಕ ಕುಂತು ಉಣ್ಣಾಕ ಬರ್ತೈತೇನು ಅಂತ ಕೇಳಿದೇನು? ಮುಂಜಾನಿಂದ ಅದೊಂದ ಕೇಳಬೇಕಂತ ಮಾಡೇನಿ. ಒಬ್ಬರೂ ಇತ್ತಾಗ ಹೊಳ್ಳಿ ನೋಡವಲ್ರು."

ಬಾಯಿಗೆ ಬಂದ ಉತ್ತರದಾಯಿತ್ವವನ್ನು ನುಂಗಿಕೊಂಡು ಡಾಕ್ಟರ ಕೋಣೆಗೆ ಓಡಿದೆ. ಫ್ಯಾನು ತಿರುಗುತ್ತಿತ್ತು, ಚಹಾ ಇನ್ನೂ ಹಬೆಯಾಡುತ್ತಿತ್ತು. ಕುರ್ಚಿ ಖಾಲಿಯಾಗಿತ್ತು.