ಬಚ್ಚಲ ಗಾಜಿಗೆ ನರೆ ಬಂದಾಗ

ಗಾಜಿನ ಅಂಗಡಿ ಇಟ್ಟವನು ನಗೋದಕ್ಕೆ ಎಲ್ಲೂ ಹೋಗಬೇಕಿಲ್ಲ. ಪ್ರಸಂಗಗಳೇ ಫೋನ್ ಮಾಡಿಕೊಂಡು ಬರುತ್ತವೆ. ಕಡೂರಿನಲ್ಲಿ ನನ್ನ ಅಂಗಡಿ. ಈಚೆಗೆ ತರೀಕೆರೆ, ಅಜ್ಜಂಪುರದ ಕಡೆಯೆಲ್ಲ ಹೊಸ ಮನೆ ಕಟ್ಟೋರಿಗೆ ಶವರಿನ ಸುತ್ತ ಗಾಜಿನ ಗೂಡು ಬೇಕು. ಅದೂ ಫ್ರೇಮ್ ಇಲ್ಲದ್ದು: ಗೋಡೆಗೆ ಎರಡು ಕ್ಲಿಪ್ಪು, ಬಾಗಿಲು ತಿರುಗೋದಕ್ಕೆ ಎರಡು ಹಿಂಜು, ಮಿಕ್ಕಿದ್ದೆಲ್ಲ ಬರೀ ಗಾಜು. ಕೂರಿಸೋದು ಒಂದು ದಿನದ ಕೆಲಸ, ಒರೆಸೋದು ಜನ್ಮದ ಕೆಲಸ. ಈ ಎರಡನೆಯದನ್ನು ಗಿರಾಕಿಗಳಿಗೆ ನಾನು ಮೊದಲೇ ಹೇಳೋದಿಲ್ಲ. ಇಲ್ಲಿ ಬರೆದಿರೋದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಅಂತ ಕೇಳಬೇಡಿ.

ಪಂಚನಹಳ್ಳಿಯ ನರೆ

ಪಂಚನಹಳ್ಳಿಯಲ್ಲಿ ನಾನು ಮೊದಲು ಗಾಜು ಕೂರಿಸಿದ್ದು ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಗೆ. ಅವರ ಹೆಂಡತಿಯನ್ನು ಅಕ್ಕ ಅಂತಲೇ ಕರೆಯೋದು. ಅದೇ ಬೀದಿಯಲ್ಲಿ ಇನ್ನೂ ಮೂರು ಮನೆ ಏಳ್ತಿದ್ದವು. ಮೂರೂ ಮನೆಯವರು "ಅಕ್ಕನ ಬಚ್ಚಲು ನೋಡ್ಕೊಂಡು ಹೇಳ್ತೀವಿ" ಅಂದುಬಿಟ್ಟಿದ್ದರು. ಹಾಗಾಗಿ ಆ ಊರಲ್ಲಿ ನನ್ನ ಮಾನ, ವ್ಯಾಪಾರ ಎರಡೂ ಆ ಒಂದು ಗಾಜಿನ ಮೇಲೆ ನಿಂತಿದ್ದವು.

ತಿಂಗಳು ತುಂಬೋದರೊಳಗೆ ಅಕ್ಕನ ಫೋನು. "ಏನಪ್ಪಾ, ನಿನ್ ಗಾಜಿಗೆ ನರೆ ಬಂದ್ಬಿಟ್ಟಿದೆ!"

ಹೋಗಿ ನೋಡಿದೆ. ಬೋರ್‌ವೆಲ್ ನೀರು, ಹನಿ ಒಣಗಿದಲ್ಲೆಲ್ಲ ಬಿಳೀ ಉಪ್ಪು ಕೂತಿದೆ. ಹಿತ್ತಾಳೆ ದೀಪ ಬೆಳಗುತ್ತೆ, ಗಾಜು ಬೆಳಗಲ್ವಾ ಅಂತ ಅಕ್ಕ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಕಲೆ ಅರ್ಧ ಹೋಗಿತ್ತು, ಇರುವೆ ಪೂರ್ತಿ ಬಂದಿದ್ದವು. ನಾನು ಹೋದಾಗ ತೆಂಗಿನ ನಾರು, ಬೂದಿ ಹಿಡಿದು ಎರಡನೇ ಸುತ್ತಿಗೆ ತಯಾರಾಗಿ ನಿಂತಿದ್ದರು.

"ಅಕ್ಕಾ, ನಾರು ಮುಟ್ಟಿಸ್ಬೇಡಿ! ಗೀರು ಬಿದ್ರೆ ಯಾರ ಕೈಲೂ ತೆಗೆಯಕ್ಕಾಗಲ್ಲ" ಅಂತ ಕಿತ್ತುಕೊಂಡೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ ತೋರಿಸಿದೆ. ಫಳಫಳ. "ಇನ್ಮೇಲೆ ಸ್ನಾನ ಆದೋರು ವೈಪರ್‌ನಲ್ಲಿ ನೀರು ಎಳೆದು, ಒಣಬಟ್ಟೇಲಿ ಒರೆಸೇ ಈಚೆ ಬರ್ಬೇಕು."

ಬಾಗಿಲಲ್ಲಿ ನಿಂತಿದ್ದ ಯಜಮಾನರು ಕೇಳಿದರು, "ಅಷ್ಟೆಲ್ಲ ಒರೆಸೋ ಹೊತ್ಗೆ ಬೆವರು ಬರಲ್ವೇನಯ್ಯಾ?"

"ಬರುತ್ತೆ ಯಜಮಾನ್ರೇ."

"ಆಮೇಲೆ?"

"ಇನ್ನೊಂದ್ಸಲ ಸ್ನಾನ ಮಾಡಿ."

ಮಾರನೇ ದಿನದಿಂದ ಅವರ ಸ್ನಾನ ತೋಟದ ಪಂಪಿನ ಕೆಳಗೆ.

ತರೀಕೆರೆಯ ಹೊಸತು

ತರೀಕೆರೆಯಲ್ಲೊಬ್ಬರು ಗಾಜಿನ ಜೊತೆ ಅಂಟಿಕೊಂಡು ಬಂದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ವರ್ಷವಾದರೂ ಕಿತ್ತಿರಲಿಲ್ಲ. ಕಿತ್ತರೆ ಹಳೇದಾಗುತ್ತಂತೆ. ಆದರೆ ಬಾಗಿಲ ಕೆಳಗೆ ನೀರು ತಡೆಯೋ ಪಟ್ಟಿಯನ್ನು ಮಾತ್ರ ಪ್ಯಾಕಿಂಗ್ ಅಂದುಕೊಂಡು ಮೊದಲ ದಿನವೇ ಕಿತ್ತು ಎಸೆದಿದ್ದರು. "ನಿಮ್ ಗಾಜು ಸೋರುತ್ತೆ ಕಣ್ರೀ" ಅಂತ ಜಗಳ. ಹೊಸ ಪಟ್ಟಿ ಹಾಕಿ, ಅವರು ಬೇಡಬೇಡ ಅನ್ನುತ್ತಿದ್ದ ಹಾಗೇ ನೀಲಿ ಹಾಳೆಯನ್ನು ಸರ್ರನೆ ಎಳೆದುಬಿಟ್ಟೆ.

ಅವರು ಹೌಹಾರಿದರು. "ಅಯ್ಯಯ್ಯೋ, ಒಳಗಿರೋರು ಕಾಣ್ತಾರಲ್ರೀ!"

ಶಿವನಿಯ ವಿಭೂತಿ

ಶಿವನಿಯ ಹೈಸ್ಕೂಲ್ ಮೇಷ್ಟ್ರು ಇದಕ್ಕೆಲ್ಲ ತದ್ವಿರುದ್ಧ. ಒರೆಸಿದ್ದೇ ಒರೆಸಿದ್ದು. ಕೊನೆಗೆ ಬಾಗಿಲು ಹಾಕಿದೆಯೋ ತೆಗೆದಿದೆಯೋ ತಿಳಿಯದೆ ನುಗ್ಗಿ, ಹಣೆ ಮೇಲೆ ನಿಂಬೆಗಾತ್ರದ ಬುಗುಟೆ.

"ಕಣ್ಣಿಗೆ ಕಾಣೋ ಹಂಗೆ ಒಂದು ಗುರುತು ಮಾಡ್ಕೊಳ್ಳಿ ಸಾರ್. ವಿಭೂತಿ ಎಳೆದ್ರೂ ಆಯ್ತು" ಅಂದೆ, ಕೀಟಲೆಗೆ. ಮೇಷ್ಟ್ರಿಗೆ ಕೀಟಲೆ ತಿಳಿಯೋದಿಲ್ಲ. ಹಣೆ ಮಟ್ಟಕ್ಕೆ ಮೂರು ಪಟ್ಟೆ ಎಳೆದು, ನಡುವೆ ಕುಂಕುಮದ ಬೊಟ್ಟು ಇಟ್ಟೇಬಿಟ್ಟರು. ಬೆಳಗ್ಗೆ ಅವರ ತಾಯಿ ನೋಡಿ ಕೈಮುಗಿದು, ಹಿಂಜಿಗೊಂದು ದಾಸವಾಳ ಸಿಕ್ಕಿಸಿ, "ಲೇ, ಸ್ವಾಮಿ ಮುಂದೆ ಬರಿಮೈಲಿ ನಿಂತ್ಕತೀಯೇನೋ?" ಅಂದರಂತೆ.

ಈಗ ಮೇಷ್ಟ್ರು ಪಂಚೆ ಉಟ್ಟುಕೊಂಡೇ ಸ್ನಾನ ಮಾಡ್ತಾರೆ. ಗಾಜು ಒರೆಸೋದಂತೂ ನಿಂತೇಹೋಗಿದೆ. ಸ್ನಾನ ಆಗದೆ ಅದನ್ನು ಮುಟ್ಟೋ ಹಾಗಿಲ್ಲವಂತೆ, ಸ್ನಾನ ಆದಮೇಲೆ ಸ್ವಾಮಿಯ ವಿಭೂತಿ ಅಳಿಸೋ ಹಾಗಿಲ್ಲವಂತೆ.

ಕಡೂರಿನ ಕಾಣದ ಗಾಜು

ಮತ್ತೆ ಅಕ್ಕನ ಫೋನು. ಮನೆಯಲ್ಲಿ ಯಾರೂ ಒರೆಸ್ತಿಲ್ಲ, ನರೆ ಮತ್ತೆ ಬಂದಿದೆ. "ಬಂದು ಬಿಚ್ಕೊಂಡ್ ಹೋಗು. ಬೀದಿಯೋರ್ಗೂ ಬ್ಯಾಡ ಅಂತ ಹೇಳ್ಬಿಡ್ತೀನಿ."

ಮೂರು ಮನೆ ಕೈಬಿಟ್ಟು ಹೋಗೋದು ಕಣ್ಮುಂದೆ ಬಂತು. ನಾಲಿಗೆ ತಾನಾಗೇ ಓಡಿತು. "ಅಕ್ಕಾ, ನಮ್ಮನೇಲೂ ಇದೇ ಗಾಜು. ಇದೇ ಬೋರ್ ನೀರು. ವರ್ಷಗಟ್ಟಲೆಯಿಂದ ಒಂದು ಕಲೆ ಇಲ್ಲ. ದಿನಾ ನಾನೇ ಒರೆಸ್ತೀನಿ."

"ಹಂಗಾರೆ ನೋಡೇಬಿಡಣ."

ಸಂಜೆಯೊಳಗೆ ಅಕ್ಕ, ಜೊತೆಗೆ ಆ ಮೂರು ಮನೆ ಹೆಂಗಸರು ನಮ್ಮ ಬಾಗಿಲಲ್ಲಿ. ನಮ್ಮ ಬಚ್ಚಲಲ್ಲಿ ಇದ್ದದ್ದು ಒಂದು ಬಕೆಟ್ಟು, ಒಂದು ಚೊಂಬು. ಗಾಜು ಹಾಕಿಸಿ ಅಂತ ಹೆಂಡತಿ ಕೇಳೋದು, ನೋಡೋಣ ಅಂತ ನಾನನ್ನೋದು, ಇದೇ ನಮ್ಮ ಸಂಸಾರ. ನಾಲ್ವರನ್ನೂ ಬಚ್ಚಲ ಹೊಸಿಲಲ್ಲೇ ನಿಲ್ಲಿಸಿದೆ.

"ನೋಡಿ."

"ಏನ್ ನೋಡದು?" ಅಂದರು ಅಕ್ಕ.

"ಗಾಜು."

"ಎಲ್ಲೈತೆ?"

"ಅದೇ ಅಕ್ಕಾ! ದಿನಾ ಒರೆಸಿದ್ರೆ ಹಿಂಗೆ, ಕಾಣೋದೇ ಇಲ್ಲ. ಮುಟ್ಬೇಡಿ, ಬೆರಳಿನ ಗುರುತು ಕೂರುತ್ತೆ." ಶಿವನಿ ಮೇಷ್ಟ್ರ ಬುಗುಟೆಯ ಕಥೆಯನ್ನೂ ಸೇರಿಸಿದೆ. ಒಬ್ಬಾಕೆ ಹಣೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಬ್ಬಾಕೆ ಕಣ್ಣು ಕಿರಿದು ಮಾಡಿ, "ಹೂ ಕಣಕ್ಕಾ, ಅಲ್ಲಿ ಮಿಂಚ್ತೈತೆ" ಅಂದರು. ನಾನೂ ನೋಡಿದೆ. ದೇವರಾಣೆ, ನನಗೂ ಮಿಂಚಿದ ಹಾಗಾಯ್ತು.

ಅಷ್ಟರಲ್ಲಿ ನನ್ನ ಹೆಂಡತಿ, "ಸ್ವಲ್ಪ ದಾರಿ ಬಿಡ್ರೀ" ಅಂತ ಒಗೆಯೋ ಬಟ್ಟೆಯ ಬಕೆಟ್ಟು ಹಿಡಿದು ಬಂದಳು. ಗಾಜಿನೊಳಗಿಂದ ಸೀದಾ ಹಾದುಹೋದಳು. ಬಕೆಟ್ಟು ಇಟ್ಟಳು. ಗಾಜಿನೊಳಗಿಂದಲೇ ಸೀದಾ ವಾಪಸ್ ಬಂದಳು.

ಅಕ್ಕ ಬಚ್ಚಲು ನೋಡಿದರು, ಹೆಂಡತಿಯನ್ನು ನೋಡಿದರು, ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ತಮ್ಮಾ, ನಮ್ಗೆ ಈ ಗಾಜೇ ಇರ್ಲಿ, ಒರೆಸೋ ತಾಪತ್ರಯನೇ ಇಲ್ಲ. ನಮ್ಮನೇದು ಬಿಚ್ಕೊಂಡ್ ಬಂದು ನಿನ್ ಹೆಂಡ್ತಿಗೆ ಹಾಕ್ಕೊಡು. ದಿನಾ ಒರೆಸ್ತೀನಿ ಅಂದ್ಯಲ್ಲ, ಒರೆಸು. ಇವ್ರು ಮೂವರೂ ಆಗಾಗ ಬಂದು ನೋಡ್ತಾರೆ. ಕಲೆ ಇಲ್ದಿದ್ರೆ ಅವ್ರ ಮನೇಗಳ ಕೆಲಸ ನಿಂದೇ."

ಈಗ ದಿನಾ ಬೆಳಗ್ಗೆ ಸ್ನಾನ ಮುಗಿಸಿ ವೈಪರ್ ಹಿಡಿದು ನಿಂತಿರ್ತೀನಿ. ಆಚೆಯಿಂದ ಹೆಂಡತಿ ಕೇಳ್ತಾಳೆ, "ರೀ, ಬೆವರು ಬಂತಾ?"

"ಬಂತು ಕಣೇ."

"ಇನ್ನೊಂದ್ಸಲ ಸ್ನಾನ ಮಾಡಿ."